ಕಣ್ಣಿನದೆಂದುಕೊಂಡಿದ್ದೆ, ದವಡೆಯದಾಗಿತ್ತು

ಸಂಜೆ ನಾಲ್ಕರ ಹೊತ್ತಿಗೆ ತಲೆನೋವು ಶುರುವಾಗುತ್ತಿತ್ತು. ಮೊದಲು ಎರಡೂ ಕಣತಲೆ ಬಿಗಿಯುವುದು, ಆಮೇಲೆ ಕಣ್ಣಿನ ಗುಳಿಯ ಸುತ್ತ ಯಾರೋ ಹೆಬ್ಬೆರಳಿಟ್ಟು ಒತ್ತಿದ ಹಾಗೆ. ನನ್ನದು ಕರಡು ತಿದ್ದುವ ಕೆಲಸ. ದಿನವಿಡೀ ಪರದೆಯ ಮೇಲೆ ಒತ್ತಕ್ಷರ, ದೀರ್ಘ, ಅನುಸ್ವಾರಗಳ ಬೇಟೆ. ಹಾಗಾಗಿ ತಪ್ಪೆಲ್ಲ ಕಣ್ಣಿನದೇ ಎಂದು ನಾನೇ ತೀರ್ಪು ಕೊಟ್ಟುಕೊಂಡಿದ್ದೆ.

ಕಣ್ಣು ತೋರಿಸಿದೆ. ವಯಸ್ಸು ನಲವತ್ತು ದಾಟಿತ್ತು, ಓದುವ ಕನ್ನಡಕ ಬಂತು. ಪರದೆ ನೋಡುವಾಗ ರೆಪ್ಪೆ ಬಡಿಯುವುದೇ ಕಡಿಮೆಯಾಗಿ ಕಣ್ಣು ಒಣಗುತ್ತದೆ ಎಂದರು. 20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನು 20 ಸೆಕೆಂಡು ನೋಡಿ ಎಂದರು. ಅಲಾರಾಂ ಇಟ್ಟು ನೋಡಿದೆ, ಎರಡೇ ದಿನಕ್ಕೆ ಅದರ ಮೇಲೆ ಸಿಟ್ಟು ಬಂತು. ಕೊನೆಗೆ ಎರಡು ಪುಟ ಮುಗಿದಾಗಲೆಲ್ಲ ಕಿಟಕಿಯಾಚೆ ನೋಡುವ ರೂಢಿ ಮಾಡಿಕೊಂಡೆ. ಕಣ್ಣುರಿ ಹೋಯಿತು. ಕಣತಲೆ ಮಾತ್ರ ಹಾಗೇ ಇತ್ತು.

ಸೈನಸ್ ಇರಬೇಕು ಎಂದವರಿಗೇನೂ ಕೊರತೆಯಿರಲಿಲ್ಲ. ಆದರೆ ನನಗೆ ಮೂಗು ಕಟ್ಟಿರಲಿಲ್ಲ, ಗಟ್ಟಿ ಸಿಂಬಳವಿಲ್ಲ, ಜ್ವರವಿಲ್ಲ. ಮೈಗ್ರೇನ್ ಆಗಿದ್ದರೆ ಹೆಚ್ಚಾಗಿ ಒಂದೇ ಕಡೆ ಸಿಡಿಯುತ್ತದೆ, ವಾಕರಿಕೆ ಬರುತ್ತದೆ, ಬೆಳಕು ಕಂಡರಾಗುವುದಿಲ್ಲ. ಮದ್ದಿಲ್ಲದಿದ್ದರೆ 4ರಿಂದ 72 ಗಂಟೆ ಕಾಡಬಹುದು. ನನ್ನದು ಸಿಡಿತವಲ್ಲ, ಹಿಂಡಿದಂಥ ನೋವು.

ಒಂದು ತಿಂಗಳು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ: ಎಷ್ಟು ಹೊತ್ತಿಗೆ, ಯಾವ ಕಡೆ, ಏನು ಮಾಡುತ್ತಿದ್ದೆ, ಯಾವ ಮಾತ್ರೆ. ರಜೆಯ ದಿನ ನೋವಿಲ್ಲ. ಕೆಲವು ಬೆಳಿಗ್ಗೆ ಎದ್ದಾಗ ದವಡೆ ಮರಗಟ್ಟಿದ ಹಾಗೆ. ಇನ್ನೊಂದು ಲೆಕ್ಕ ನೋಡಿ ನಿಜಕ್ಕೂ ಹೆದರಿದೆ: 12 ದಿನ ಮಾತ್ರೆ ನುಂಗಿದ್ದೆ. ಮೂರು ತಿಂಗಳಿಗೂ ಮೀರಿ, ತಿಂಗಳಲ್ಲಿ 15 ದಿನ ಅಥವಾ ಹೆಚ್ಚು ಸಾದಾ ನೋವಿನ ಮಾತ್ರೆ ತಿಂದರೆ ಆ ಮಾತ್ರೆಯೇ ತಲೆನೋವು ತರಬಹುದು. ಎರಡು ಮೂರು ಔಷಧ ಸೇರಿಸಿದ ಮಾತ್ರೆಯಾದರೆ 10 ದಿನವೇ ಸಾಕು.

ನೋಟ್‌ಬುಕ್ ಹಿಡಿದು ವೈದ್ಯರ ಹತ್ತಿರ ಹೋದೆ. ಅವರು ಮೊದಲು ಕೇಳಿದ್ದೇ ಬೇರೆ: “ತಲೆ ಬಾಚುವಾಗ ನೆತ್ತಿ ನೋಯುತ್ತಾ? ಅಗಿಯುವಾಗ ದವಡೆ ಸೋಲುತ್ತಾ? ದೃಷ್ಟಿ ಮಂಜಾಗಿದೆಯಾ?” ಐವತ್ತು ದಾಟಿದವರಲ್ಲಿ ಕಣತಲೆಯ ರಕ್ತನಾಳ ಉರಿಯೂತಕ್ಕೆ ತುತ್ತಾದರೆ ಹೀಗಾಗುತ್ತದಂತೆ, ತಡಮಾಡಿದರೆ ಕಣ್ಣೇ ಹೋಗಬಹುದು. ಕಣ್ಣು ಕೆಂಪಾಗಿ ವಿಪರೀತ ನೋವು, ದೀಪದ ಸುತ್ತ ಬಣ್ಣದ ಬಳೆ, ವಾಂತಿ ಇದ್ದರೆ ಕಣ್ಣಿನೊಳಗಿನ ಒತ್ತಡ ಏರಿರಬಹುದು. ಅದಕ್ಕೆ ನಾಳೆ ಎನ್ನುವಂತಿಲ್ಲ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕು. ನನಗೆ ಇವು ಯಾವುವೂ ಇರಲಿಲ್ಲ.

ಆಮೇಲೆ ಅವರು ನನ್ನ ಬೆರಳುಗಳನ್ನು ನನ್ನ ಕಣತಲೆಯ ಮೇಲೇ ಇಡಿಸಿ, ಹಲ್ಲು ಕಚ್ಚಿ ಎಂದರು. ಬೆರಳಡಿಯಲ್ಲಿ ಗಂಟಿನಂತೆ ಏನೋ ಉಬ್ಬಿತು. ದವಡೆ ಮುಚ್ಚುವ ಸ್ನಾಯು ಅಲ್ಲೇ ಬೀಸಣಿಗೆಯ ಹಾಗೆ ಹರಡಿಕೊಂಡಿದೆ! ಮರುದಿನ ಕೆಲಸ ಮಾಡುತ್ತ ಗಮನಿಸಿದೆ. ಅನುಮಾನದ ಒತ್ತಕ್ಷರ ಕಂಡರೆ ಸಾಕು, ಮೇಲಿನ ಹಲ್ಲು ಕೆಳಗಿನದಕ್ಕೆ ಬೀಗ ಹಾಕಿದಂತೆ ಕೂರುತ್ತಿತ್ತು. ಬಾಯಿ ಸುಮ್ಮನಿದ್ದಾಗ ತುಟಿ ಕೂಡಿರಬೇಕೇ ಹೊರತು ಹಲ್ಲಲ್ಲ ಎಂಬುದು ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ.

ಪರದೆಯ ಮೂಲೆಗೆ ಚೀಟಿ ಅಂಟಿಸಿದೆ: ‘ಹಲ್ಲು’. ಅದು ಕಂಡಾಗಲೆಲ್ಲ ದವಡೆ ಸಡಿಲಬಿಟ್ಟು, ನಾಲಿಗೆಯ ತುದಿಯನ್ನು ಮೇಲಿನ ಹಲ್ಲುಗಳ ಹಿಂದೆ ಅಂಗುಳಿಗೆ ಮೆಲ್ಲಗೆ ತಾಗಿಸುತ್ತಿದ್ದೆ. ರಾತ್ರಿ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಕಣತಲೆಗೂ ಕೆನ್ನೆಗೂ ಹತ್ತು ನಿಮಿಷ, ಆಮೇಲೆ ಬೆರಳಿಂದ ಹಗುರಾಗಿ ಸುತ್ತುತ್ತ ನೀವುವುದು. ಹಲ್ಲಿನ ವೈದ್ಯರು ಸವೆದ ಹಲ್ಲು ನೋಡಿ, ನಿದ್ದೆಯಲ್ಲೂ ಕಡಿಯುತ್ತೀರಿ ಎಂದು ರಾತ್ರಿ ಹಲ್ಲಿನ ಮೇಲೆ ತೊಡುವ ಕವಚ, ನೈಟ್ ಗಾರ್ಡ್, ಮಾಡಿಕೊಟ್ಟರು. ಮೊದಲ ವಾರ ಅದು ಬಾಯಲ್ಲಿ ಕಲ್ಲಿಟ್ಟ ಹಾಗಿತ್ತು.

ಎರಡು ತಿಂಗಳಾಗುವಷ್ಟರಲ್ಲಿ ಮಾತ್ರೆಯ ದಿನಗಳು ಎರಡಕ್ಕಿಳಿದವು. ಪದಸೂಚಿ ತಿದ್ದುವ ದಿನ ಮಾತ್ರ ನೋವು ಈಗಲೂ ಬರುತ್ತದೆ. ಆ ದಿನಗಳಿಗೆಂದು ಚೀಟಿಯನ್ನು ಇನ್ನೂ ಕಿತ್ತಿಲ್ಲ.