ಉಪಕೇಂದ್ರದಲ್ಲಿ ಬಸುರಿಯರ ಎಚ್‌ಐವಿ ತಪಾಸಣೆ: ನಾನು ಮಾಡುವ ಕ್ರಮ

ತಾಯಿ ಕಾರ್ಡ್ ಮಾಡಿಸಲು ಬಂದ ದಿನವೇ ಈ ಪರೀಕ್ಷೆಯನ್ನೂ ಮುಗಿಸುತ್ತೇನೆ. ಮುಂದಿನ ತಿಂಗಳು ನೋಡೋಣ ಎಂದು ಬಿಟ್ಟರೆ ಎಷ್ಟೋ ಜನ ಅಷ್ಟರಲ್ಲಿ ತವರಿಗೆ ಹೊರಟಿರುತ್ತಾರೆ. ಜೊತೆಗೆ ಬಂದ ಅತ್ತೆಯನ್ನೋ ಗಂಡನನ್ನೋ ಹೊರಗೆ ಕೂರಿಸಿಯೇ ಮಾತು ಶುರು. "ನೋಡಮ್ಮ, ಇದು ಎಲ್ಲ ಬಸುರಿಯರಿಗೂ ಮಾಡೋ ಪರೀಕ್ಷೆ. ಬೇಡ ಅಂದರೂ ನಿನ್ನ ಉಳಿದ ತಪಾಸಣೆ ನಿಲ್ಲಲ್ಲ." 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಒಪ್ಪಿಗೆಯೂ ಬೇಕು, ಗುಟ್ಟೂ ಉಳಿಯಬೇಕು.

ಫ್ರಿಜ್‌ನಿಂದ ತೆಗೆದ ಪರೀಕ್ಷೆ ಕಿಟ್‌ನ ತಣುಪು ಹೋಗುವವರೆಗೆ ಪೊಟ್ಟಣ ಒಡೆಯುವುದಿಲ್ಲ. ಒಡೆದರೆ ಒಳಗಿನ ಪರೀಕ್ಷಾ ಪಟ್ಟಿ ತೇವ ಹೀರುತ್ತದೆ. ಉಂಗುರ ಬೆರಳಿನ ತುದಿಯ ಪಕ್ಕಕ್ಕೆ ಚುಚ್ಚಬೇಕು, ಅದೂ ಸ್ಪಿರಿಟ್ ಪೂರ್ತಿ ಆರಿದ ಮೇಲೆ. ಮೊದಲ ಹನಿ ಒರೆಸಿಬಿಡಿ. ಬೆರಳನ್ನು ಹಿಂಡಿದರೆ ರಕ್ತದೊಂದಿಗೆ ಅಂಗಾಂಶದ ನೀರೂ ಬರುತ್ತದೆ. ಬಫರ್ (ರಕ್ತದ ಜೊತೆ ಹಾಕುವ ದ್ರಾವಣ) ಅದೇ ಡಬ್ಬಿಯದೇ ಇರಲಿ, ಬೇರೆ ಕಂಪನಿಯದು ಬೇಡ.

ಹೆಚ್ಚು ತಪ್ಪಾಗುವುದು ಗೆರೆ ಓದುವಾಗ. ಕಿಟ್‌ನ ಚೀಟಿಯಲ್ಲಿರುವ ನಿಮಿಷಕ್ಕೆ ಮೊಬೈಲಿನಲ್ಲಿ ಅಲಾರಂ ಇಡುತ್ತೇನೆ. ಹೊತ್ತು ಮೀರಿದ ಮೇಲೆ ಪಟ್ಟಿ ಒಣಗುತ್ತಾ ಸುಳ್ಳು ಗೆರೆ ಮೂಡಬಹುದು. ಹೊತ್ತಿನೊಳಗೆ ಮೂಡಿದ ಪರೀಕ್ಷೆಯ ಗೆರೆ ಎಷ್ಟೇ ಮಸುಕಾಗಿರಲಿ, ರಿಯಾಕ್ಟಿವ್, ಅಂದರೆ ಸೋಂಕಿನ ಅನುಮಾನ. ಪಟ್ಟಿ ಸರಿಯಾಗಿ ಕೆಲಸ ಮಾಡಿದೆ ಎಂದು ತೋರಿಸುವ ಕಂಟ್ರೋಲ್ ಗೆರೆಯೇ ಇಲ್ಲದಿದ್ದರೆ ಪರೀಕ್ಷೆ ಅಸಿಂಧು, ಹೊಸ ಪಟ್ಟಿಯಲ್ಲಿ ಮತ್ತೆ.

ರಿಯಾಕ್ಟಿವ್ ಬಂದರೆ "ಪಾಸಿಟಿವ್" ಎಂಬ ಮಾತನ್ನೇ ಆಡುವುದಿಲ್ಲ. ಐಸಿಟಿಸಿಯಲ್ಲಿ (ಸರ್ಕಾರದ ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ನೋಡಿದ ಮೇಲಷ್ಟೇ ಅದು ಖಚಿತ. ಬರೀ ಚೀಟಿ ಕೊಟ್ಟು ಕಳಿಸಿದರೆ ಹೆದರಿಕೆಗೆ ಹೋಗದೇ ಉಳಿಯುತ್ತಾರೆ. ಆಕೆ ಎದುರಿಗಿರುವಾಗಲೇ ಆಪ್ತಸಮಾಲೋಚಕರಿಗೆ ಫೋನ್ ಮಾಡಿ ದಿನ ಗೊತ್ತು ಮಾಡುತ್ತೇನೆ. ಒಪ್ಪಿದರೆ ಜೊತೆಗೆ ಹೋಗುತ್ತೇನೆ. ಇಲ್ಲಿ ಒಬ್ಬರು ಕೈಬಿಟ್ಟುಹೋದರೂ ಚುಚ್ಚಿದ್ದು ವ್ಯರ್ಥ. ಚಿಕಿತ್ಸೆಯಿಲ್ಲದೆ, ಎದೆಹಾಲೂ ಸೇರಿ, ನೂರಕ್ಕೆ 15ರಿಂದ 45 ಮಕ್ಕಳಿಗೆ ಸೋಂಕು ದಾಟಬಹುದು. ಸರಿಯಾದ ಚಿಕಿತ್ಸೆಯಲ್ಲಿ ಅದು 5ಕ್ಕಿಂತ ಕಡಿಮೆ. ಸಿಡಿ4 (ರೋಗನಿರೋಧಕ ರಕ್ತಕಣಗಳ ಎಣಿಕೆ) ಎಷ್ಟೇ ಇರಲಿ, ಸೋಂಕು ಖಚಿತವಾದ ತಾಯಿಗೆ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಮಾತ್ರೆ, ಕೂಡಲೇ ಶುರು, ಜೀವನಪೂರ್ತಿ.

ನೆಗೆಟಿವ್ ಬಂದರೂ ಇತ್ತೀಚೆಗೆ ಸೋಂಕು ತಗಲಿರಬಹುದೆಂಬ ಅನುಮಾನವಿದ್ದರೆ ಮೂರು ತಿಂಗಳಾದ ಮೇಲೆ ಇನ್ನೊಮ್ಮೆ. ಪರೀಕ್ಷೆಯೇ ಆಗದೆ ನೋವು ಬಂದು ದಾಖಲಾದವರಿಗೆ ಹೆರಿಗೆ ಕೋಣೆಯಲ್ಲೇ.

ಸೋಂಕಿರುವ ತಾಯಿಗೆ ಹುಟ್ಟಿದ ಮಗುವಿಗೆ ನಮ್ಮ ಪಟ್ಟಿ ಬಳಸಬಾರದು. ಈ ಪಟ್ಟಿ ಹುಡುಕುವುದು ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು; ತಾಯಿಯ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ 18 ತಿಂಗಳವರೆಗೂ ಉಳಿದು ಗೆರೆ ಮೂಡಿಸಬಹುದು. ಅದಕ್ಕೇ ಆರನೇ ವಾರ ಹಿಮ್ಮಡಿ ಚುಚ್ಚಿ ಕಾಗದದ ಮೇಲೆ ರಕ್ತದ ಹನಿ ಒಣಗಿಸಿ, ವೈರಸ್ಸನ್ನೇ ಹುಡುಕುವ ಲ್ಯಾಬಿಗೆ ಕಳಿಸುತ್ತಾರೆ. ಆ ತಾರೀಖನ್ನು ಮೊದಲ ಲಸಿಕೆಯ ದಿನವೇ ತಾಯಿಗೆ ಹೇಳಿಡುತ್ತೇನೆ.