ಕಾಡಿನಿಂದ ಬಂದ ಮೇಲಿನ ಅರ್ಧ ಗಂಟೆ: ಉಣುಗು ಕಚ್ಚದಂತೆ, ಕಚ್ಚಿದರೆ ಸರಿಯಾಗಿ ತೆಗೆಯುವಂತೆ

ಬೇಸಿಗೆ ಹತ್ತಿರವಾಗುತ್ತಿದ್ದಂತೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಎಣ್ಣೆ ಬಾಟಲಿ ಕೊಟ್ಟು ಹೋಗುತ್ತಾರೆ, ಮಂಗನ ಕಾಯಿಲೆ ಹರಡುವ ಉಣುಗನ್ನು ದೂರ ಇಡಲು. ಜನ ಅದನ್ನು ಹಚ್ಚಿಕೊಳ್ಳುವುದೂ ಹೌದು. ಆದರೆ ಕಾಡಿನಿಂದ ದರಗು (ಉದುರಿದ ಒಣ ಎಲೆ) ಹೊತ್ತು ತಂದವರು ಅದೇ ಬಟ್ಟೆಯಲ್ಲಿ ಅಡುಗೆಮನೆಗೆ ಬಂದು ಕಾಫಿ ಕುಡಿಯುತ್ತಾರೆ, ಮಗುವನ್ನು ಎತ್ತಿಕೊಳ್ಳುತ್ತಾರೆ, ಸ್ನಾನವನ್ನು ರಾತ್ರಿಗೆ ತಳ್ಳುತ್ತಾರೆ. ಮೈಮೇಲೆ ಉಣುಗು ಸಿಕ್ಕರೆ ಉಗುರಿನಲ್ಲಿ ಹಿಸುಕಿ ಎಸೆಯುತ್ತಾರೆ. ಕಾಡಿನಲ್ಲಿ ಪಟ್ಟ ಎಚ್ಚರವೆಲ್ಲ ಇಲ್ಲಿ ಸೋರಿಹೋಗುತ್ತದೆ. ಆದ್ದರಿಂದ ಈ ಬರಹದಲ್ಲಿ ಹೆಚ್ಚಿನ ಜಾಗ ಮನೆಗೆ ಮರಳಿದ ಮೇಲಿನ ಕೆಲಸಕ್ಕೆ.

ಯಾವ ಉಣುಗು, ಯಾವ ತಿಂಗಳು

ಮಂಗನ ಕಾಯಿಲೆಯ ವೈರಸ್ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹೆಸರಿನಲ್ಲಿ ಮಂಗ ಇದ್ದರೂ ಮನುಷ್ಯರಿಗೆ ರೋಗ ದಾಟಿಸುವುದು ಉಣುಗು. ಉಣ್ಣೆ ಎಂದು ಕರೆಯುವುದೂ ಇದನ್ನೇ. ಹಲವು ಜಾತಿಗಳ ಪೈಕಿ ಮುಖ್ಯವಾದದ್ದು ಹಿಮಾಫೈಸಾಲಿಸ್ ಸ್ಪಿನಿಜೆರಾ. ಮಂಗ, ಮುಸಿಯ, ಕಾಡಿನ ಇಲಿಗಳ ರಕ್ತ ಹೀರುವಾಗ ಅದಕ್ಕೆ ವೈರಸ್ ಸೇರುತ್ತದೆ, ಮುಂದಿನ ಹಂತಕ್ಕೆ ಬೆಳೆದು ಮತ್ತೆ ಕಚ್ಚಿದಾಗ ದಾಟುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ಕಾಯಿಲೆಯವರನ್ನು ನೋಡಿಕೊಳ್ಳಲು ಹೆದರಬೇಕಾಗಿಲ್ಲ.

ಉಣುಗು ಎಂದೊಡನೆ ದನದ ಕಿವಿಯಲ್ಲಿ ರಕ್ತ ಕುಡಿದು ಊದಿಕೊಂಡ ಬೂದು ಬಣ್ಣದ ಗುಂಡನ್ನೇ ನೆನೆಯುತ್ತೇವೆ. ಅಂಥದ್ದನ್ನೇ ಹುಡುಕಿದರೆ ಅಪಾಯದ್ದು ಕಣ್ಣಿಗೆ ಬೀಳುವುದಿಲ್ಲ. ಮನುಷ್ಯರಿಗೆ ರೋಗ ಅಂಟಿಸುವುದು ಹೆಚ್ಚಾಗಿ ಇನ್ನೂ ಬಲಿಯದ, ಎಂಟು ಕಾಲಿನ ಎಳೆಯ ಉಣುಗು. ರಕ್ತ ಕುಡಿಯುವ ಮೊದಲು ಅದು ಒಂದು ರಾಗಿ ಕಾಳಿನಷ್ಟಿರುತ್ತದೆ. ನವೆಂಬರ್, ಡಿಸೆಂಬರ್‌ನಿಂದ ಮೇ ತನಕ ಒಣಗಿದ ಎಲೆಯ ಹಾಸಿನಲ್ಲಿ, ಗಿಡಗಂಟಿಯ ತುದಿಯಲ್ಲಿ ಇವು ಕಾದಿರುತ್ತವೆ. ಹಾರುವುದಿಲ್ಲ, ನೆಗೆಯುವುದಿಲ್ಲ, ಸೋಕಿದ ಕಾಲಿಗೆ, ಬಟ್ಟೆಗೆ ಅಂಟಿಕೊಂಡು ಮೇಲೆ ತೆವಳುತ್ತವೆ. ಕಾಫಿ ಕುಯ್ಲು, ಮೆಣಸು ಕುಯ್ಲು, ಕೊಟ್ಟಿಗೆಗೆ ದರಗು ತರುವ ಕೆಲಸ ಎಲ್ಲವೂ ಇದೇ ತಿಂಗಳುಗಳಲ್ಲಿ ಬರುತ್ತವೆ.

ಹೊರಡುವ ಮುನ್ನ

ಮೊದಲ ಸಲಹೆ: ಹೋಗದೆ ನಡೆಯುವುದಾದರೆ ಹೋಗಬೇಡಿ. ಸುತ್ತಮುತ್ತ ಮಂಗ ಸತ್ತ ಸುದ್ದಿ ಇದ್ದ ವರ್ಷ ಸೊಪ್ಪಿನ ಬೆಟ್ಟದ ದರಗನ್ನು ಬಿಟ್ಟೇಬಿಡಿ. ಕೊಟ್ಟಿಗೆಗೆ ಒಣ ಹುಲ್ಲು, ಕತ್ತರಿಸಿದ ಅಡಿಕೆ ಸೋಗೆ ಹಾಸಿದರೆ ಗೊಬ್ಬರಕ್ಕೇನೂ ಕೊರತೆಯಾಗದು. ಕಾಡಿನ ದರಗಿನ ಹೆಡಿಗೆಯಲ್ಲಿ ಉಣುಗೂ ಮನೆಬಾಗಿಲಿಗೆ ಬರುತ್ತದೆ.

ಹೋಗಲೇಬೇಕೆಂದರೆ ತಿಳಿ ಬಣ್ಣದ ಉದ್ದ ತೋಳಿನ ಅಂಗಿ, ಉದ್ದ ಪ್ಯಾಂಟ್, ಕಾಲುಚೀಲ. ಪ್ಯಾಂಟಿನ ತುದಿ ಕಾಲುಚೀಲದ ಒಳಗೆ, ಅಂಗಿ ಪ್ಯಾಂಟಿನ ಒಳಗೆ. ಸೀರೆ ಉಡುವವರು ಒಳಗೆ ಪ್ಯಾಂಟ್ ಹಾಕಿ ಅದನ್ನು ಕಾಲುಚೀಲಕ್ಕೆ ಸೇರಿಸಿಕೊಳ್ಳಿ. ಬರೀ ಲಂಗ ಸೀರೆಯಲ್ಲಿ ಉಣುಗು ಸೀದಾ ತೊಡೆಸಂದಿಗೆ ಹತ್ತುತ್ತದೆ. ಗಂಬೂಟು ಒಳ್ಳೆಯದೇ, ಆದರೆ ಅದರ ಬಾಯಿ ತೆರೆದಿದ್ದರೆ ಒಳಗೆ ಇಳಿಯಲು ದಾರಿ ಇದ್ದೇ ಇರುತ್ತದೆ. ತಲೆಗೂದಲು ಕಟ್ಟಿ, ಮೇಲೊಂದು ಬಟ್ಟೆ ಸುತ್ತಿ.

ಎಣ್ಣೆಯ ವಿಚಾರ. ಮೊದಲು ಡಿಎಂಪಿ ಎಂಬ ಎಣ್ಣೆ ಹಂಚುತ್ತಿದ್ದರು, ಈಗ ಆರೋಗ್ಯ ಇಲಾಖೆ ಕೊಡುತ್ತಿರುವುದು ಡೇಪಾ ಎಣ್ಣೆ, ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಪ್ರಯೋಗಾಲಯದಲ್ಲಿ ರೂಪುಗೊಂಡದ್ದು. ಇದು ಉಣುಗನ್ನು ಕೊಲ್ಲುವ ಔಷಧವಲ್ಲ, ಹತ್ತಿರ ಬಾರದಂತೆ ದೂರ ಇಡುವಂಥದ್ದು. ಹಾಗಾಗಿ ಎಣ್ಣೆ ತಾಗದೆ ಉಳಿದ ಜಾಗಕ್ಕೆ ರಕ್ಷಣೆ ಇಲ್ಲ. ಪಾದದ ಮೇಲ್ಭಾಗ, ಹಿಮ್ಮಡಿ, ಮೊಣಕಾಲಿನ ಹಿಂಬದಿ, ಮೊಣಕೈವರೆಗಿನ ತೋಳು, ಕುತ್ತಿಗೆ, ಇಷ್ಟಕ್ಕೂ ತೆಳುವಾಗಿ ಬಿಡದೆ ಸವರಿ. ಕಾಲಿಗೆ ಹಚ್ಚದೆ ಬರೀ ಕೈಗೆ ಹಚ್ಚುವುದು ದೊಡ್ಡ ತಪ್ಪು, ಏಕೆಂದರೆ ಉಣುಗು ಹತ್ತುವುದೇ ಕಾಲಿನಿಂದ. ಕಣ್ಣು, ತುಟಿ, ತರಚಿದ ಗಾಯಕ್ಕೆ ತಾಗಿಸಬೇಡಿ. ಬೆವರಿದರೆ, ಹಳ್ಳ ದಾಟಿ ಕಾಲು ನೆನೆದರೆ ಎಣ್ಣೆ ಹೋಯಿತೆಂದೇ ತಿಳಿದು ಇನ್ನೊಮ್ಮೆ ಹಚ್ಚಬೇಕು. ಬಾಟಲಿಯನ್ನು ಮನೆಯಲ್ಲಿ ಬಿಟ್ಟು ಹೋದರೆ ಮಧ್ಯಾಹ್ನದ ಮೇಲೆ ಬರಿಮೈಯಲ್ಲಿದ್ದಂತೆಯೇ.

ಇಂಬಳಕ್ಕೆಂದು (ಜಿಗಣೆಗೆಂದು) ಸುಣ್ಣ, ಹೊಗೆಸೊಪ್ಪು ಹಚ್ಚುವ ರೂಢಿ ನಮ್ಮಲ್ಲಿದೆ. ಅದು ಇಂಬಳದ ಮದ್ದು, ಉಣುಗಿಗೆ ಅದನ್ನು ನೆಚ್ಚಿಕೊಳ್ಳಬೇಡಿ. ಅಂಗಡಿಯಲ್ಲಿ ಸಿಗುವ ಸೊಳ್ಳೆ ಸ್ಟಿಕ್ಕರ್, ಕೈಗೆ ಕಟ್ಟುವ ಸುಗಂಧದ ಪಟ್ಟಿ, ಇವಕ್ಕೆ ದುಡ್ಡು ಹಾಕಬೇಡಿ.

ತೋಟದ ರೈಟರುಗಳಿಗೆ ಒಂದು ಮಾತು. ಕೂಲಿಯವರ ಲೈನ್‌ಮನೆಗಳಲ್ಲಿ ಅಸ್ಸಾಂನಿಂದ, ಬಯಲುಸೀಮೆಯಿಂದ ಬಂದವರಿದ್ದಾರೆ. ಅವರ ಊರಲ್ಲಿ ಈ ಕಾಯಿಲೆಯ ಹೆಸರೂ ಗೊತ್ತಿಲ್ಲದಿರಬಹುದು. ಬಾಟಲಿ ಕೈಗೆ ಕೊಟ್ಟು ಸುಮ್ಮನಾದರೆ ಸಾಲದು, ಕೆಲಸದ ಮೊದಲ ದಿನ ಎದುರಿಗೆ ನಿಂತು ಹಚ್ಚಿ ತೋರಿಸಿ.

ಕಾಡಿನಲ್ಲಿ

ಎಲೆಯ ಹಾಸಿನ ಮೇಲೆ ಕೂರಬೇಡಿ, ಮಲಗಬೇಡಿ. ಊಟಕ್ಕೆ ಬಂಡೆ ಅಥವಾ ಬೋಳು ನೆಲ ನೋಡಿ. ಗಂಟೆಗೊಮ್ಮೆ ಪ್ಯಾಂಟಿನ ಮೇಲೆ ಕಣ್ಣಾಡಿಸಿದರೆ ತಿಳಿ ಬಟ್ಟೆ ಹಾಕಿದ್ದರ ಲಾಭ ಸಿಗುತ್ತದೆ.

ಮನೆಗೆ ಮರಳಿದ ಮೇಲೆ

ಈ ಕ್ರಮ ತಪ್ಪಿಸಬೇಡಿ.

ಮನೆಯೊಳಗೆ ಕಾಲಿಡುವ ಮೊದಲು ಅಂಗಳದಲ್ಲೇ ಬಟ್ಟೆಯ ಮೇಲಿನ ಉಣುಗು ತೆಗೆಯಿರಿ. ಕೊಡವಿದರೆ ಸಾಲದು, ಕೊಡವಿದ್ದು ಅಂಗಳದಲ್ಲೇ ಉಳಿಯುತ್ತದೆ. ಅಗಲವಾದ ಸೆಲೋ ಟೇಪನ್ನು ಅಂಟು ಹೊರಗೆ ಬರುವಂತೆ ಅಂಗೈಗೆ ಸುತ್ತಿ, ಪ್ಯಾಂಟಿನ ತುದಿಯಿಂದ ಸೊಂಟದವರೆಗೆ ಒತ್ತಿ ಒತ್ತಿ ತೆಗೆಯಿರಿ. ಓಡಾಡುತ್ತಿರುವ ಸಣ್ಣ ಉಣುಗುಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಟೇಪನ್ನು ಮಡಿಸಿ ಬಚ್ಚಲ ಒಲೆಯ ಬೆಂಕಿಗೆ ಹಾಕಿ.

ಅಲ್ಲಿಂದ ನೇರ ಬಚ್ಚಲಿಗೆ. ಬಿಚ್ಚಿದ ಬಟ್ಟೆಯನ್ನು ಗೂಟಕ್ಕೆ ಸಿಕ್ಕಿಸಬೇಡಿ, ಬೇರೆಯವರ ಬಟ್ಟೆಯ ಜೊತೆ ರಾಶಿ ಹಾಕಬೇಡಿ. ಬಕೆಟ್ಟಿಗೆ ಹಾಕಿ ಹಂಡೆಯ ಕುದಿಯುವ ನೀರನ್ನು ಅದು ಮುಳುಗುವಷ್ಟು ಸುರಿಯಿರಿ. ತಣ್ಣೀರಿನಲ್ಲಿ ಸೋಪಿನ ಪುಡಿ ಹಾಕಿ ನೆನೆಸಿದರೆ ಉಣುಗು ಸಾಯುವುದಿಲ್ಲ. ಅದನ್ನು ಕೊಲ್ಲುವುದು ಬಿಸಿ, ನೀರು 54 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು. ಕೈ ಇಡಲಾಗದಷ್ಟು ಬಿಸಿ ಇದ್ದರೆ ಆಯಿತು.

ನೀರು ಹೊಯ್ದುಕೊಳ್ಳುವ ಮೊದಲೇ ಮೈ ಪರೀಕ್ಷೆ. ಒದ್ದೆ ಮೈಯಲ್ಲಿ, ಬಚ್ಚಲ ಮಂದ ಬೆಳಕಿನಲ್ಲಿ ಇಷ್ಟು ಸಣ್ಣದು ಕಾಣುವುದಿಲ್ಲ. ಮೊಬೈಲ್ ಟಾರ್ಚ್ ಹಚ್ಚಿ, ಕಾಲಿನಿಂದ ಮೇಲಕ್ಕೆ ನೋಡುತ್ತ ಬನ್ನಿ: ಬೆರಳುಸಂದಿ, ಮೊಣಕಾಲಿನ ಹಿಂದೆ, ತೊಡೆಸಂದಿ, ಸೊಂಟದ ಪಟ್ಟಿ ಕೂರುವ ಜಾಗ, ಹೊಕ್ಕುಳು, ಸ್ತನದ ಕೆಳಗೆ, ಕಂಕುಳು, ಕಿವಿಯ ಹಿಂದೆ, ಕೂದಲ ಬುಡ. ಬೆನ್ನನ್ನು ಮನೆಯವರು ನೋಡಬೇಕು. ಕಣ್ಣಿಗಿಂತ ಬೆರಳು ನಂಬಿಕಸ್ಥ. ಮೆಲ್ಲಗೆ ಸವರಿದರೆ ಹೊಸದಾಗಿ ಗಂಟು ಸಿಗುತ್ತದೆ. ಹಳೆಯ ಮಚ್ಚೆಗಳ ಜಾಗ ಮೊದಲೇ ತಿಳಿದಿಟ್ಟುಕೊಂಡರೆ ಗೊಂದಲವಿಲ್ಲ. ತುರಿಕೆ ಇಲ್ಲವೆಂದು ಬಿಡಬೇಡಿ. ಕಚ್ಚುವಾಗ ಉಣುಗಿನ ಎಂಜಲು ಆ ಜಾಗವನ್ನು ಮರಗಟ್ಟಿಸುತ್ತದೆ, ಅದಕ್ಕೇ ಗೊತ್ತಾಗದೆ ದಿನಗಟ್ಟಲೆ ಕೂತಿರುತ್ತದೆ.

ಆಮೇಲೆ ಬಿಸಿನೀರು, ಸೋಪು, ನಾರಿನಿಂದ ಉಜ್ಜಿ ಸ್ನಾನ. ಇನ್ನೂ ಕಚ್ಚದೆ ಓಡಾಡುತ್ತಿರುವುದು ಇದರಿಂದ ಹೋಗುತ್ತದೆ. ಕಚ್ಚಿ ಕೂತದ್ದು ಎಷ್ಟು ಉಜ್ಜಿದರೂ ಬರುವುದಿಲ್ಲ. ತಲೆಗೆ ಹೇನು ತೆಗೆಯುವ ಬಾಚಣಿಗೆ ಆಡಿಸಿ. ಮೈ ಒರೆಸಿಕೊಂಡು ಇನ್ನೊಂದು ಸಲ ನೋಡಿ. ಮಕ್ಕಳು ಜೊತೆಗೆ ಬಂದಿದ್ದರೆ ಅವರದ್ದು ಮೊದಲು.

ಕಚ್ಚಿ ಕೂತದ್ದನ್ನು ತೆಗೆಯುವುದು

ಉಣುಗಿನ ಬಾಯಿಯಲ್ಲಿ ಹಿಮ್ಮುಖವಾದ ಮುಳ್ಳುಗಳಿವೆ, ಅದಕ್ಕೇ ಸುಲಭಕ್ಕೆ ಬಿಡುವುದಿಲ್ಲ. ಬೇಕಾದದ್ದು ಚೂಪು ತುದಿಯ ಚಿಮಟ, ಮುಳ್ಳು ಕೀಳುತ್ತೇವಲ್ಲ ಅಂಥದ್ದು. ಹುಬ್ಬು ಕೀಳುವ ಅಗಲ ತುದಿಯದು ಇದಕ್ಕೆ ಆಗದು: ಅದು ಉಣುಗಿನ ಹೊಟ್ಟೆಯನ್ನೇ ಹಿಡಿಯುತ್ತದೆ, ಹೊಟ್ಟೆ ಒತ್ತಿದರೆ ಒಳಗಿನ ದ್ರವ ನಿಮ್ಮ ಚರ್ಮದೊಳಗೆ ಹೋಗಬಹುದು.

ಚಿಮಟವನ್ನು ಚರ್ಮಕ್ಕೆ ತಾಗುವಷ್ಟು ಕೆಳಗೆ ಇಳಿಸಿ, ಉಣುಗಿನ ಬಾಯಿ ಚರ್ಮ ಸೇರುವ ಜಾಗದಲ್ಲೇ ಹಿಡಿಯಿರಿ. ನೇರ ಮೇಲಕ್ಕೆ, ಒಂದೇ ಸಮನೆ, ನಿಧಾನವಾಗಿ ಎಳೆಯಿರಿ. ಚರ್ಮ ಗುಡಾರದ ಹಾಗೆ ಸ್ವಲ್ಪ ಮೇಲೇಳುತ್ತದೆ; ಅದೇ ಬಿಗಿಯಲ್ಲಿ ಕೆಲವು ಸೆಕೆಂಡ್ ಹಿಡಿದಿದ್ದರೆ ಬಿಡುತ್ತದೆ. ತಿರುಚಬೇಡಿ, ಜಗ್ಗಬೇಡಿ. ಬಾಯಿ ಮುರಿದು ಒಳಗೆ ಉಳಿದರೆ ಚಿಮಟದ ತುದಿಗೆ ಸಿಕ್ಕಿದಷ್ಟು ತೆಗೆಯಿರಿ, ಸಿಗದಿದ್ದರೆ ಸೂಜಿ ಹಾಕಿ ಕೆದಕಬೇಡಿ. ಚರ್ಮವೇ ದಿನ ಕಳೆದಂತೆ ಅದನ್ನು ಹೊರಗೆ ತಳ್ಳುತ್ತದೆ.

ಸೀಮೆಎಣ್ಣೆ, ಸುಣ್ಣ, ಉಗುರು ಬಣ್ಣ ಹಚ್ಚುವುದು, ಬೀಡಿಯ ಕೆಂಡ ತಾಗಿಸುವುದು ಬೇಡವೇ ಬೇಡ. ಅದಾಗಿಯೇ ಬಿಡಲೆಂದು ಕಾಯುವಷ್ಟು ಹೊತ್ತೂ ಅದು ಕಚ್ಚಿಕೊಂಡೇ ಇರುತ್ತದೆ, ಕಿರಿಕಿರಿಯಾದರೆ ಎಂಜಲು ಇನ್ನಷ್ಟು ಒಳಗೆ ಬಿಡಬಹುದು. ಮೈ ಮೇಲಿನ ಸುಟ್ಟ ಗಾಯ ಬೇರೆ.

ಕಿತ್ತದ್ದನ್ನು ಉಗುರಿನ ನಡುವೆ ಚಿಟಕ್ಕೆನಿಸುವ ಅಭ್ಯಾಸ ಬಿಡಿ. ಕೆಲಸ ಮಾಡಿದ ಬೆರಳಲ್ಲಿ ಕಣ್ಣಿಗೆ ಕಾಣದ ಗೀರು ಇದ್ದೇ ಇರುತ್ತದೆ. ಟೇಪಿನಲ್ಲಿ ಮಡಿಸಿ ಬೆಂಕಿಗೆ, ಇಲ್ಲವೇ ಸ್ಪಿರಿಟ್ ತುಂಬಿದ ಸಣ್ಣ ಸೀಸೆಗೆ. ಕಚ್ಚಿದ ಜಾಗವನ್ನೂ ಕೈಯನ್ನೂ ಸೋಪಿನಿಂದ ತೊಳೆದು, ಗಾಯಕ್ಕೆ ಸ್ಪಿರಿಟ್ ಹಚ್ಚಿ. ಕೊನೆಗೆ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿ. ಮುಂದೆ ಜ್ವರ ಬಂದರೆ ವೈದ್ಯರು ಕೇಳುವುದು ಈ ತಾರೀಕನ್ನೇ.

ಕೊಟ್ಟಿಗೆ, ಮತ್ತು ಸತ್ತ ಮಂಗ

ಬಲಿತ ಉಣುಗು ಮೇಯಲು ಹೋದ ದನದ ಮೈಮೇಲೆ ಮನೆಗೆ ಬಂದು, ಉದುರಿ, ಅಲ್ಲೇ ಮೊಟ್ಟೆ ಇಡುತ್ತದೆ. ಪಶು ಆಸ್ಪತ್ರೆಯಲ್ಲಿ ಬೆನ್ನಿಗೆ ಸುರಿಯುವ ಫ್ಲುಮೆಥ್ರಿನ್ ಕೇಳಿ. ಶೇ 1ರ ದ್ರಾವಣವಾದರೆ ಅಳತೆ 10 ಕೆ.ಜಿ. ತೂಕಕ್ಕೆ 1 ಮಿ.ಲೀ., ಅಂದರೆ 250 ಕೆ.ಜಿ.ಯ ಹಸುವಿಗೆ 25 ಮಿ.ಲೀ. ಹೆಗಲಿನಿಂದ ಬಾಲದ ಬುಡದವರೆಗೆ ಬೆನ್ನಹುರಿಯ ಗುಂಟ ಸುರಿಯಬೇಕು. ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ಕರೆಯುವ ಹಸುವಿಗೆ ಪಶುವೈದ್ಯರನ್ನು ಕೇಳದೆ ಹಾಕಿಸಬೇಡಿ, ಔಷಧ ಹಾಲಿಗೆ ಇಳಿಯುತ್ತದೆ.

ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ. ಹೆಣ ತಣ್ಣಗಾದಂತೆ ಅದರ ಮೈಮೇಲಿದ್ದ ಉಣುಗುಗಳು ಇಳಿದು ಸುತ್ತಲ ಎಲೆಯಲ್ಲಿ ಹರಡುತ್ತವೆ. ಆ ಜಾಗವೇ ಕಾಡಿನಲ್ಲಿ ಎಲ್ಲಕ್ಕಿಂತ ಅಪಾಯದ್ದು. ಪಂಚಾಯಿತಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ 104ಕ್ಕೆ ಹೇಳಿ. ಅವರು ಮಾದರಿ ತೆಗೆದು, ಹೆಣ ಸುಟ್ಟು, ಸುತ್ತ ಮೆಲಾಥಿಯಾನ್ ಪುಡಿ ಹಾಕುತ್ತಾರೆ. ವಾಸನೆ ತಡೆಯದೆ ನೀವೇ ಹೂಳಲು ಹೋದರೆ ಉಣುಗಿನ ಮಧ್ಯೆ ನಿಂತಂತೆ.

ಜ್ವರ ಬಂದರೆ

ಕಚ್ಚಿದ 3ರಿಂದ 8 ದಿನದೊಳಗೆ ಇದ್ದಕ್ಕಿದ್ದಂತೆ ಚಳಿಜ್ವರ, ಹಣೆ ಒಡೆಯುವಂಥ ತಲೆನೋವು, ಸೊಂಟ ಕಾಲುಗಳ ಸೆಳೆತ, ಕೆಂಪಾದ ಕಣ್ಣು, ವಾಂತಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ: ದೊಡ್ಡವರಿಗೆ 650 ಮಿ.ಗ್ರಾಂ.ನ ಒಂದು ಮಾತ್ರೆ, 6 ಗಂಟೆ ಅಂತರದಲ್ಲಿ, ದಿನಕ್ಕೆ 4ಕ್ಕಿಂತ ಹೆಚ್ಚಲ್ಲ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ. ಈ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ಆ ಮಾತ್ರೆಗಳು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಮೈಕೈ ನೋವಿಗೆಂದು ಪೇಟೆಯಲ್ಲಿ ಒಂದು ಇಂಜೆಕ್ಷನ್ ಚುಚ್ಚಿಸಿಕೊಂಡು ಬರುವುದನ್ನು ದಯವಿಟ್ಟು ನಿಲ್ಲಿಸಿ. ಅದು ಹೆಚ್ಚಾಗಿ ಡೈಕ್ಲೊಫೆನಾಕ್ ಆಗಿರುತ್ತದೆ.

ಸರ್ಕಾರಿ ಆಸ್ಪತ್ರೆಗೆ ಹೋಗಿ, ಕೇಳಲಿ ಬಿಡಲಿ, ಕಾಡಿಗೆ ಹೋಗಿದ್ದನ್ನೂ ಉಣುಗು ಕಚ್ಚಿದ ತಾರೀಕನ್ನೂ ಹೇಳಿ. ಜ್ವರದ ಮೊದಲ ದಿನಗಳಲ್ಲಿ ವೈರಸ್ ಹಿಡಿಯುವುದು ಆರ್‌ಟಿಪಿಸಿಆರ್, ಸುಮಾರು 5ನೇ ದಿನದ ನಂತರ ರಕ್ತದಲ್ಲಿ ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆ. ಹೊತ್ತಲ್ಲದ ಹೊತ್ತಿನಲ್ಲಿ ಮಾಡಿದ ಪರೀಕ್ಷೆ ನೆಗೆಟಿವ್ ಬಂದರೆ ಕಾಯಿಲೆ ಇಲ್ಲವೆಂದಲ್ಲ. ಮೈಮೇಲೆ ಕಪ್ಪು ಹಕ್ಕಳೆ ಕಟ್ಟಿದ ಗಾಯವಿದ್ದರೆ ತಪ್ಪದೆ ತೋರಿಸಿ, ಅದು ಸ್ಕ್ರಬ್ ಟೈಫಸ್ ಎಂಬ ಬೇರೆ ಜ್ವರ ಇರಬಹುದು. ಅದಕ್ಕೆ ಡಾಕ್ಸಿಸೈಕ್ಲಿನ್ ಎಂಬ ನೇರ ಮದ್ದಿದೆ, ತಡವಾದರೆ ಮಾತ್ರ ಕಷ್ಟ.

ಮಂಗನ ಕಾಯಿಲೆಗೆ ಅಂಥ ನೇರ ಮದ್ದಿಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು ಅದು ತಕ್ಕಷ್ಟು ಕೆಲಸ ಮಾಡುತ್ತಿಲ್ಲವೆಂದು 2022ರಲ್ಲಿ ನಿಲ್ಲಿಸಿದ್ದಾರೆ. ಸಾವಿನ ಪ್ರಮಾಣ ಶೇ 3ರಿಂದ 5. ಉಳಿಸುವುದು ಹೊತ್ತಿಗೆ ಸರಿಯಾದ ದ್ರವ, ರಕ್ತದ ನಿಗಾ, ಬೇಕಾದರೆ ರಕ್ತದ ಅಂಶಗಳು. ಒಸಡಿನಲ್ಲಿ, ಮೂಗಿನಲ್ಲಿ ರಕ್ತ, ಕಪ್ಪು ಮಲ, ಮೂತ್ರ ಕಡಿಮೆಯಾಗುವುದು, ಮಂಪರು ಕಂಡರೆ 108 ಕರೆಯಿರಿ, ಬೆಳಗಾಗಲೆಂದು ಕಾಯಬೇಡಿ.

ಜ್ವರ ಬಿಟ್ಟಿತೆಂದು ಮರುದಿನವೇ ತೋಟಕ್ಕೆ ಇಳಿಯುವುದೂ ತಪ್ಪು. ಶೇ 10ರಿಂದ 20 ಮಂದಿಗೆ ಒಂದೆರಡು ವಾರ ಆರಾಮಾಗಿದ್ದು, ಮತ್ತೆ ಜ್ವರ ಬರುತ್ತದೆ. ಆಗ ಕುತ್ತಿಗೆ ಸೆಟೆಯುವುದು, ಕೈ ನಡುಕ, ಮಾತು ತೊದಲುವುದು, ಗೊಂದಲ ಕಾಣಿಸಬಹುದು. ಮನೆಯವರು ಜ್ವರ ಬಿಟ್ಟ ಮೇಲಿನ ಮೂರು ವಾರ ಗಮನವಿಟ್ಟು, ಎರಡನೇ ಜ್ವರ ಬಂದ ದಿನವೇ ಮೊದಲಿನ ಚೀಟಿ, ರಕ್ತದ ವರದಿ ಎಲ್ಲ ಹಿಡಿದು ಅದೇ ಆಸ್ಪತ್ರೆಗೆ ಕರೆದೊಯ್ಯಬೇಕು.