ಭಾರವನ್ನೂ ಹೊರಬೇಕು, ಅಯಸ್ಕಾಂತಕ್ಕೂ ಸಿಗಬಾರದು: ಎಂಆರ್‌ಐ ಕೋಣೆಗೆ ಗಾಲಿಕುರ್ಚಿ ಆರಿಸುವುದು ಹೇಗೆ?

ಎಂಆರ್‌ಐ ವಿಭಾಗಕ್ಕೆ ಗಾಲಿಕುರ್ಚಿ ತರಿಸುವವರು ಸಾಮಾನ್ಯವಾಗಿ ಎರಡು ಬಗೆ. ಒಬ್ಬರು ‘ಅಯಸ್ಕಾಂತಕ್ಕೆ ಅಂಟದ್ದು ಕೊಡಿ’ ಎಂದು ಕೇಳಿ ಬಿಳಿ ಪ್ಲಾಸ್ಟಿಕ್ ಪೈಪಿನ ಕುರ್ಚಿ ತರಿಸುತ್ತಾರೆ. ಭಾರೀ ಮೈಕಟ್ಟಿನ ರೋಗಿ ಕೂತ ಕೂಡಲೇ ಅದರ ಕಾಲುಗಳು ಅಗಲಕ್ಕೆ ಬಾಗುತ್ತವೆ. ಇನ್ನೊಬ್ಬರು ‘ಗಟ್ಟಿಮುಟ್ಟಾದದ್ದು ಕೊಡಿ’ ಎನ್ನುತ್ತಾರೆ. ಬರುವುದು ಸೀಟಿನ ಕೆಳಗೆ ಉಕ್ಕಿನ ಅಡ್ಡಪಟ್ಟಿ ಬಿಗಿದ ಕುರ್ಚಿ. ಅದು ರೋಗಿಯನ್ನೇನೋ ಹೊರುತ್ತದೆ, ಆದರೆ ಎಂಆರ್‌ಐ ಬಾಗಿಲು ದಾಟುವಂತಿಲ್ಲ. ಕುರ್ಚಿಯನ್ನು ಬಲಪಡಿಸಲು ತಯಾರಕರಿಗೆ ಸಿಗುವ ಅಗ್ಗದ ದಾರಿ ಉಕ್ಕು. ಆ ಕೋಣೆಗೆ ಬರಕೂಡದ ವಸ್ತುವೂ ಉಕ್ಕೇ. ಆಯ್ಕೆಯ ಕಷ್ಟವೆಲ್ಲ ಇರುವುದು ಈ ಇಕ್ಕಟ್ಟಿನಲ್ಲಿ.

ಯಂತ್ರ ಸದ್ದು ಮಾಡದೆ ಸುಮ್ಮನಿದ್ದರೆ ಅಯಸ್ಕಾಂತವೂ ಆರಿದೆ ಎಂದುಕೊಳ್ಳುವವರು ಈಗಲೂ ಇದ್ದಾರೆ. ಅದು ರಾತ್ರಿ ಹಗಲೂ ಎಳೆಯುತ್ತಲೇ ಇರುತ್ತದೆ. ಅದರ ಬಲವನ್ನು ಅಳೆಯುವ ಮಾನ ಟೆಸ್ಲಾ. 1.5 ಟೆಸ್ಲಾ ಯಂತ್ರವೆಂದರೆ ಭೂಮಿಯ ಕಾಂತಕ್ಷೇತ್ರದ ಸುಮಾರು 30,000 ಪಟ್ಟು. 2001ರಲ್ಲಿ ನ್ಯೂಯಾರ್ಕ್ ರಾಜ್ಯದ ಆಸ್ಪತ್ರೆಯೊಂದರಲ್ಲಿ ಕೋಣೆಯೊಳಗೆ ಹೋದ ಆಕ್ಸಿಜನ್ ಸಿಲಿಂಡರನ್ನು ಅಯಸ್ಕಾಂತ ಎಳೆದುಕೊಂಡು, ಅದು ಬಡಿದು ಯಂತ್ರದೊಳಗಿದ್ದ 6 ವರ್ಷದ ಹುಡುಗ ಸತ್ತ. ಗಾಲಿಕುರ್ಚಿ ಆ ಸಿಲಿಂಡರಿಗಿಂತ ದೊಡ್ಡದು.

ಹಂತ 1: ತೂಗಿ, ಅಳೆಯಿರಿ

ರೋಗಿಯನ್ನು ‘ನಿಮ್ಮ ತೂಕ ಎಷ್ಟು?’ ಎಂದು ಕೇಳಿ ಬರೆದುಕೊಳ್ಳಬೇಡಿ. ಮರೆಯಿರುವ ಜಾಗದಲ್ಲಿ ತೂಗಿ. ಸೊಂಟದ ಅಗಲವನ್ನು ಕೂತಾಗಲೂ ಮಲಗಿದಾಗಲೂ ಅಳೆಯಿರಿ, ಮಲಗಿದರೆ ಮೈ ಪಕ್ಕಕ್ಕೆ ಹರಡುತ್ತದೆ.

ಹಂತ 2: ಯಂತ್ರದ ಮಿತಿ ನೋಡಿ

ರೋಗಿ ಮಲಗಿ ಒಳಹೋಗುವ ಸುರಂಗ ಹಳೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ 60 ಸೆಂ.ಮೀ. ಅಗಲ, ಈಚಿನ ಅನೇಕವುಗಳಲ್ಲಿ 70 ಸೆಂ.ಮೀ. ರೋಗಿಯನ್ನು ಮಲಗಿಸುವ ಹಳೆಯ ಅನೇಕ ಮೇಜುಗಳು ಸುಮಾರು 160 ಕೆ.ಜಿ. ಹೊರುತ್ತವೆ, ಹೊಸವುಗಳಲ್ಲಿ 250 ಕೆ.ಜಿ. ಹೊರುವವೂ ಇವೆ. ಮೇಜೇ ಹೊರದ ರೋಗಿಗೆ ಕುರ್ಚಿ ಹುಡುಕಿ ಪ್ರಯೋಜನವಿಲ್ಲ.

ಹಂತ 3: ಗುರುತಿನ ಚೀಟಿ ಓದಿ

ಹಸಿರು ಚೌಕ ಇದ್ದರೆ ‘ಎಂಆರ್ ಸೇಫ್’. ಹಳದಿ ತ್ರಿಕೋನ ಇದ್ದರೆ ‘ಎಂಆರ್ ಕಂಡಿಷನಲ್’, ಅಂದರೆ ಷರತ್ತಿಗೆ ಒಳಪಟ್ಟು ಸುರಕ್ಷಿತ. ಕೆಂಪು ವೃತ್ತಕ್ಕೆ ಅಡ್ಡಗೆರೆ ಎಳೆದಿದ್ದರೆ ‘ಎಂಆರ್ ಅನ್‌ಸೇಫ್’, ಬಾಗಿಲ ಹೊರಗೇ ಇರಲಿ. ಈ ಗುರುತುಗಳು ಜಾರಿಗೆ ಬಂದದ್ದು 2005ರಲ್ಲಿ. ಅದಕ್ಕಿಂತ ಹಿಂದಿನ ‘ಎಂಆರ್ ಕಂಪ್ಯಾಟಿಬಲ್’ ಎಂಬ ಮಾತನ್ನು ಕೆಲವು ಮಾರಾಟಗಾರರು ಇನ್ನೂ ಚೀಟಿಯ ಮೇಲೆ ಅಚ್ಚು ಹಾಕುತ್ತಾರೆ. ಆ ಮಾತು ಕಂಡರೆ ಸರಕು ಹಿಂದಕ್ಕೆ ಕಳಿಸಿ ಎಂಬುದು ನನ್ನ ಸಲಹೆ. ಯಾವ ಯಂತ್ರಕ್ಕೆ, ಯಾವ ಷರತ್ತಿಗೆ ಎಂಬುದನ್ನು ಅದು ಹೇಳುವುದೇ ಇಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಹಸಿರು ಚೌಕ ಸಿಗುವುದು ಲೋಹವಿಲ್ಲದ, ವಿದ್ಯುತ್ ಹರಿಸದ ವಸ್ತುಗಳಿಗೆ ಮಾತ್ರ. ಅಲ್ಯುಮಿನಿಯಂ ಕುರ್ಚಿಗೆ ಎಷ್ಟೇ ಒಳ್ಳೆಯದಿದ್ದರೂ ಹಳದಿ ತ್ರಿಕೋನವೇ ಸಿಗಬೇಕು. ಅಲ್ಯುಮಿನಿಯಂ ಕುರ್ಚಿಯ ಮೇಲೆ ಹಸಿರು ಚೌಕ ಅಂಟಿಸಿದ್ದರೆ ಆ ತಯಾರಕರ ಬೇರೆ ಮಾತುಗಳನ್ನೂ ನಂಬಬೇಡಿ. ಹಳದಿ ತ್ರಿಕೋನ ಇದ್ದಾಗ ಷರತ್ತನ್ನು ಪೂರ್ತಿ ಓದಿ: 1.5 ಟೆಸ್ಲಾಕ್ಕೆ ಒಪ್ಪಿದ್ದು 3 ಟೆಸ್ಲಾಕ್ಕೆ ಒಪ್ಪಬೇಕೆಂದಿಲ್ಲ. ಅದೇ ಚೀಟಿಯಲ್ಲಿ ಭಾರದ ಮಿತಿಯನ್ನೂ ಹುಡುಕಿ. ಎರಡೂ ಒಂದೇ ಮಾದರಿಯ ಕುರ್ಚಿಗೆ ಬರೆದದ್ದಿರಬೇಕು. ಒಂದೇ ಕಂಪನಿಯ ಸಣ್ಣ ಕುರ್ಚಿಗೆ ಸಿಕ್ಕ ಕಾಂತ ಪರೀಕ್ಷೆಯ ಪತ್ರ ತೋರಿಸಿ ದೊಡ್ಡ ಕುರ್ಚಿ ಮಾರುವವರಿದ್ದಾರೆ. ದೊಡ್ಡದರ ಒಳಗಿನ ಬೋಲ್ಟ್ ಬೇರೆ, ಚಕ್ರ ಬೇರೆ.

ಹಂತ 4: ಚೌಕಟ್ಟು ಬಿಟ್ಟು ಸಣ್ಣಪುಟ್ಟದ್ದನ್ನು ಪರೀಕ್ಷಿಸಿ

ಹೆಚ್ಚಿನವರು ಎಡವುವುದು ಇಲ್ಲೇ, ಹಾಗಾಗಿ ಇಲ್ಲಿ ಅವಸರ ಬೇಡ. ಚೌಕಟ್ಟು ಅಲ್ಯುಮಿನಿಯಂ ಎಂದು ಕಂಡ ಕೂಡಲೇ ಸಮಾಧಾನಪಟ್ಟುಕೊಳ್ಳುತ್ತಾರೆ. ಅಯಸ್ಕಾಂತ ಹಿಡಿಯುವುದು ಚೌಕಟ್ಟನ್ನಲ್ಲ, ಅದಕ್ಕೆ ಸಿಕ್ಕಿಸಿದ್ದನ್ನು.

ಬಲವಾದ ಕೈಅಯಸ್ಕಾಂತವೊಂದನ್ನು ತೆಗೆದುಕೊಳ್ಳಿ. ಫ್ರಿಜ್ ಬಾಗಿಲಿಗೆ ಅಂಟಿಸುವ ಬೊಂಬೆ ಸಾಲದು. ಪರೀಕ್ಷೆ ನಡೆಯಬೇಕಾದ್ದು ಎಂಆರ್‌ಐ ಕೋಣೆಯಿಂದ ದೂರದಲ್ಲಿ. ‘ಬಾಗಿಲ ಹತ್ತಿರ ತಂದು ನೋಡಿದೆವು, ಎಳೆಯಲಿಲ್ಲ’ ಎಂಬ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಅದು ಪರೀಕ್ಷೆಯಲ್ಲ, ಜೂಜು. ಎಳೆತ ಯಂತ್ರದ ಬಾಯಿ ಸಮೀಪಿಸಿದಂತೆ ಒಮ್ಮೆಲೇ ಏರುತ್ತದೆ. ಬಾಗಿಲಲ್ಲಿ ಗೊತ್ತೇ ಆಗದ್ದು ಇನ್ನೆರಡು ಹೆಜ್ಜೆ ಮುಂದಿಟ್ಟರೆ ಕೈಯಿಂದ ಕಿತ್ತುಕೊಂಡು ಹೋಗಬಹುದು.

ಕುರ್ಚಿಯನ್ನು ಮಗುಚಿ ಹಾಕಿ. ಮುಂದಿನ ಪುಟ್ಟ ಚಕ್ರದ ಬೇರಿಂಗ್‌ನಿಂದ ಶುರುಮಾಡಿ, ಅದರಲ್ಲಿ ಉಕ್ಕಿನ ಗುಂಡುಗಳಿರುವುದು ಸಾಮಾನ್ಯ. ಆಮೇಲೆ ಚಕ್ರದ ಅಚ್ಚು, ಬ್ರೇಕಿನ ಸ್ಪ್ರಿಂಗ್ ಮತ್ತು ಒಳಗಿನ ತಂತಿ, ಕಾಲೂರುವ ಹಲಗೆಯ ಪಿನ್, ಕೈಯಾಸರೆಯ ಮೆತ್ತೆಯೊಳಗಿನ ಸ್ಕ್ರೂ, ಬಟ್ಟೆ ಹಿಡಿದಿಡುವ ಸ್ಟೇಪಲ್. ಬೆನ್ನು ಬಾಗಿಸುವ ಸೌಲಭ್ಯವಿದ್ದರೆ ಅದರ ಗ್ಯಾಸ್ ಸ್ಪ್ರಿಂಗ್ ಬಹುತೇಕ ಉಕ್ಕಿನದೇ. ‘ಸ್ಟೇನ್‌ಲೆಸ್ ಸ್ಟೀಲ್, ಅಂಟುವುದಿಲ್ಲ’ ಎಂದರೆ ಅರ್ಧ ನಿಜ. ಕೆಲವು ಬಗೆಯವು ಅಂಟುತ್ತವೆ. ಅಂಟದ ಬಗೆಯವೂ ಬಗ್ಗಿಸಿದ, ಬೆಸೆದ ಜಾಗದಲ್ಲಿ ಅಂಟಬಹುದು. ಆದ್ದರಿಂದ ನಯವಾದ ಕೊಳವೆಯ ನಡುವೆ ಅಯಸ್ಕಾಂತ ಇಟ್ಟು ತೃಪ್ತಿಪಡಬೇಡಿ, ತಿರುವುಗಳಲ್ಲಿ ಸವರಿ. ಹಾಗೆಂದು ಕೈಅಯಸ್ಕಾಂತ ಎಲ್ಲವನ್ನೂ ಹಿಡಿದುಕೊಡುವುದಿಲ್ಲ. ಆಳದಲ್ಲಿ ಹುದುಗಿದ ಸಣ್ಣ ಚೂರು ತಪ್ಪಿಸಿಕೊಳ್ಳುತ್ತದೆ. ಈ ಪರೀಕ್ಷೆ ಕುರ್ಚಿಯನ್ನು ತಿರಸ್ಕರಿಸಲು ಸಾಕು. ಒಪ್ಪಿಕೊಳ್ಳಲು ಮಾತ್ರ ತಯಾರಕರ ಪತ್ರವೇ ಬೇಕು.

ಮಡಚುವ ಕುರ್ಚಿ ನನಗೆ ಸೇರದು. ಮಡಿಕೆಗೊಂದು ಪಿನ್, ಪಿನ್ನಿಗೊಂದು ಸಂಶಯ. ಹೆಚ್ಚು ಭಾರ ಬಿದ್ದಾಗ ಮೊದಲು ಸಡಿಲವಾಗುವುದೂ ಅದೇ ಕೀಲು. ಜಾಗ ತಿಂದರೂ ಮಡಚದ ಚೌಕಟ್ಟನ್ನೇ ಕೊಳ್ಳಿ.

ವಾಕರ್, ಊರುಗೋಲುಗಳ ಕತೆಯೂ ಇದೇ. ಕೊಳವೆ ಅಲ್ಯುಮಿನಿಯಂ, ಆದರೆ ಎತ್ತರ ಹೊಂದಿಸಲು ಒತ್ತುವ ಗುಂಡಿಯ ಹಿಂದೆ ಉಕ್ಕಿನ ಸ್ಪ್ರಿಂಗ್. ರೋಗಿ ಮನೆಯಿಂದ ತಂದದ್ದು ಯಾವುದೇ ಇರಲಿ, ಹೊರಗೇ ಉಳಿಯಲಿ.

ಹಂತ 5: ಮೇಜಿಗೆ ಸಾಗಿಸುವುದು

ಮೇಜನ್ನೇ ಯಂತ್ರದಿಂದ ಬಿಡಿಸಿ ಹೊರತರುವ ಮಾದರಿ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ರೋಗಿಯನ್ನು ಹೊರಗೇ ಅದರ ಮೇಲೆ ಮಲಗಿಸಿ ಒಳಗೆ ತಳ್ಳಿದರೆ ಆಯಿತು, ಕುರ್ಚಿಯ ತಂಟೆಯೇ ಇಲ್ಲ. ಇಲ್ಲದಿದ್ದರೆ ಕಾಂತತೆ ಇಲ್ಲದ, ಅಗಲ ಸ್ಟ್ರೆಚರ್ ಬೇಕು. ಮೇಲೆ ಕೆಳಗೆ ಏರಿಳಿಸುವ ಹೈಡ್ರಾಲಿಕ್ ಸ್ಟ್ರೆಚರ್ ಆದರೆ ಆ ಭಾಗದ ಲೋಹ ಯಾವುದೆಂದು ಬರೆಸಿಕೊಂಡೇ ಕೊಳ್ಳಿ. ಗಾಳಿ ತುಂಬಿ ಜಾರಿಸುವ ಹಾಸಿಗೆ ಸಿಬ್ಬಂದಿಯ ಬೆನ್ನಿಗೆ ದೊಡ್ಡ ಉಪಕಾರ, ಆದರೆ ಗಾಳಿ ಊದುವ ಮೋಟಾರನ್ನು ಕೋಣೆಯೊಳಗೆ ತರುವಂತಿಲ್ಲ. ಅದನ್ನು ಬಾಗಿಲಾಚೆ ಇಟ್ಟು ಬಳಸುವಷ್ಟು ಕೊಳವೆ ಉದ್ದವಿದೆಯೇ ಎಂದು ಕೊಳ್ಳುವ ಮೊದಲೇ ಹಿಡಿದು ನೋಡಿ. ಮೈ ಅಲುಗದಂತೆ ಒತ್ತುಕೊಡುವ ಮರಳುಚೀಲದ ಬಗ್ಗೆಯೂ ಎಚ್ಚರ: ಕೆಲವುದರಲ್ಲಿ ಮರಳಿನ ಬದಲು ಕಬ್ಬಿಣದ ಗುಂಡು ತುಂಬಿರುತ್ತದೆ.

ಸ್ಟ್ರೆಚರನ್ನು ಆರಿಸುವಾಗ ಒಳಗೆ ಹೋಗುವುದಕ್ಕಿಂತ ಹೊರಗೆ ಬರುವುದನ್ನು ಯೋಚಿಸಿ. ರೋಗಿಯ ಹೃದಯ ನಿಂತರೆ ಚಿಕಿತ್ಸೆಯ ಸಾಮಾನು ಒಳಗೆ ಹೋಗುವುದಿಲ್ಲ, ರೋಗಿಯೇ ಹೊರಗೆ ಬರಬೇಕು. ಅಯಸ್ಕಾಂತವನ್ನೇ ತುರ್ತಾಗಿ ನಿಲ್ಲಿಸಿಬಿಡೋಣವೆಂದರೆ ಅದಕ್ಕೆ ಒಂದು ನಿಮಿಷಕ್ಕೂ ಹೆಚ್ಚು ಹಿಡಿಯಬಹುದು. 200 ಕೆ.ಜಿ. ತೂಕದವರನ್ನು ಇಬ್ಬರು ಮೂವರು ಎತ್ತಿಕೊಂಡು ಓಡಲಾರರು. ಆದ್ದರಿಂದ ಅಗಲ ಸ್ಟ್ರೆಚರ್ ಬಾಗಿಲಲ್ಲಿ ತೂರುತ್ತದೆಯೇ ಎಂದು ಬದಿಯ ಸರಳುಗಳನ್ನು ಏರಿಸಿಯೇ ಅಳೆಯಿರಿ. ಸ್ಕ್ಯಾನ್ ಮುಗಿಯುವವರೆಗೂ ಅದು ಬಾಗಿಲ ಬಳಿಯೇ ನಿಂತಿರಲಿ, ಬೇರೆ ವಾರ್ಡಿನವರು ಕೇಳಿದರೂ ಕೊಡಬೇಡಿ.

ಹಂತ 6: ಗುರುತು ಹಾಕಿ, ರಿಪೇರಿಗೆ ಕಾವಲಿಡಿ

ಕುರ್ಚಿಯ ಬೆನ್ನ ಮೇಲೆ ದೂರಕ್ಕೂ ಕಾಣುವಂತೆ ‘ಎಂಆರ್‌ಐ ಮಾತ್ರ’ ಎಂದು ಬರೆಸಿ, ಭಾರದ ಮಿತಿಯನ್ನೂ ಪಕ್ಕದಲ್ಲೇ ಬರೆಸಿ. ನಾನು ಕಂಡ ಅತಿ ಕೆಟ್ಟ ತಪ್ಪು ಖರೀದಿಯಲ್ಲಿ ಆದದ್ದಲ್ಲ. ಸರಿಯಾದ ಕುರ್ಚಿಯನ್ನೇ ಕೊಂಡಿದ್ದರು. ಎರಡು ವರ್ಷದ ಮೇಲೆ ಒಂದು ಚಕ್ರ ಸವೆದಾಗ ರಿಪೇರಿಯವನು ಕೈಗೆ ಸಿಕ್ಕ ಸಾಮಾನ್ಯ ಚಕ್ರ ಹಾಕಿ ಕಳಿಸಿದ್ದ. ಹಳದಿ ತ್ರಿಕೋನ ಕುರ್ಚಿಯ ಮೇಲೆ ಹಾಗೇ ಇತ್ತು, ಉಕ್ಕಿನ ಬೇರಿಂಗ್ ಅದರ ಕೆಳಗೆ ತಿರುಗುತ್ತಿತ್ತು. ರಿಪೇರಿಗೆ ಹೋಗಿ ಬಂದ ಕುರ್ಚಿಯನ್ನು ಹೊಸ ಕುರ್ಚಿಯೆಂದೇ ಎಣಿಸಿ. ಮಗುಚಿ ಹಾಕಿ, ಅಯಸ್ಕಾಂತ ತೆಗೆದುಕೊಂಡು, 4ನೇ ಹಂತದಿಂದ ಮತ್ತೆ ಶುರುಮಾಡಿ.